ಹೊಲದ ದಿನ್ನೆಯ ಮೇಲಿನ ಕಲ್ಲುಗುಪ್ಪೆ: ಅದು ಸಮಾಧಿಯೇ, ಅಲ್ಲಿಯೇ ಏಕೆ ಇದೆ?

ಪ್ರಶ್ನೆ: ನಮ್ಮದು ಶಹಾಪುರ ತಾಲ್ಲೂಕು. ಹೊಲದ ಮೇಲ್ಭಾಗದಲ್ಲಿ, ಯರಿ ನೆಲ ಮುಗಿದು ಗರಸು ನೆಲ ಶುರುವಾಗುವ ದಿನ್ನೆಯ ಮೇಲೆ ದೊಡ್ಡದೊಂದು ಕಲ್ಲುಗುಪ್ಪೆ ಇದೆ. ಅದರ ಸುತ್ತ ದುಂಡಗೆ ದಪ್ಪ ಗುಂಡುಗಳನ್ನು ಹೂತಂತೆ ಕಾಣುತ್ತದೆ. ಹಳ್ಳದ ಆಚೆ ದಂಡೆಯಲ್ಲಿಯೂ ಇಂಥವು ಎರಡಿವೆ. ನಮ್ಮ ಅಜ್ಜ ಇವನ್ನು ಮೋರೇರ ಮನೆ ಎನ್ನುತ್ತಿದ್ದರು. ಕಾಲುವೆ ನೀರು ಸಿಗುವಂತಾದ ಮೇಲೆ ನೆಲ ಸಮ ಮಾಡಿಸಲು ಅಣ್ಣ ಜೆಸಿಬಿ ಗೊತ್ತು ಮಾಡಿದ್ದಾರೆ. ಇದು ನಿಜವಾಗಿಯೂ ಸಮಾಧಿಯೇ? ಊರಿನಿಂದ ಇಷ್ಟು ದೂರ, ಏನೂ ಇಲ್ಲದ ಜಾಗದಲ್ಲಿ ಏಕೆ ಕಟ್ಟಿದರು? ಕಲ್ಲುಗಳನ್ನು ಬದುವಿಗೆ ಸರಿಸಿ, ಒಳಗೆ ಮಡಕೆ ಸಿಕ್ಕರೆ ವಸ್ತುಸಂಗ್ರಹಾಲಯಕ್ಕೆ ಕೊಟ್ಟರೆ ಸಾಲದೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ಅವಸರವಿರುವುದು ಅದಕ್ಕೇ. ಸಾಲದು. ಮಡಕೆಯನ್ನು ಸಂಗ್ರಹಾಲಯದ ಕಪಾಟಿನಲ್ಲಿ ಇಡಬಹುದು, ಗುಪ್ಪೆ ಇದ್ದ ಜಾಗವನ್ನು ಇಡಲಾಗದು. ಇಂಥ ಸಮಾಧಿಗಳ ವಿಷಯದಲ್ಲಿ ನಾವು ಇನ್ನೂ ಕಲಿಯಬೇಕಾದುದರ ಬಹುಪಾಲು ಆ ಜಾಗದಲ್ಲಿಯೇ ಇದೆ: ಯಾವ ಮಣ್ಣಿನ ಅಂಚಿನಲ್ಲಿ, ಯಾವ ಹಳ್ಳಕ್ಕೆ ಎಷ್ಟು ದೂರದಲ್ಲಿ, ಯಾವ ಬಂಡೆಯ ಮಗ್ಗುಲಲ್ಲಿ, ಇನ್ನಾವ ಗುಪ್ಪೆಗಳಿಗೆ ಕಾಣುವಂತೆ ಅದನ್ನು ಕಟ್ಟಿದರು ಎಂಬುದರಲ್ಲಿ. ಆದ್ದರಿಂದ ದಯವಿಟ್ಟು ಆ ಯಂತ್ರವನ್ನು ದಿನ್ನೆಯ ಕೆಳಗೇ ನಿಲ್ಲಿಸುವಂತೆ ಅಣ್ಣನವರಿಗೆ ಹೇಳಿ, ಆಮೇಲೆ ಮುಂದಿನದನ್ನು ಓದಿ.

ಅದು ಸಮಾಧಿ ಹೌದೋ ಅಲ್ಲವೋ ಎಂಬುದನ್ನು ಅಗೆಯದೆಯೇ ಬಹುಮಟ್ಟಿಗೆ ಹೇಳಬಹುದು. ಹೊಲ ಹಸನು ಮಾಡುವಾಗ ಆಯ್ದು ಹಾಕಿದ ಕಲ್ಲಿನ ರಾಶಿ ಸಾಮಾನ್ಯವಾಗಿ ಬದುವಿನ ಮೇಲೋ ಹೊಲದ ಮೂಲೆಯಲ್ಲೋ ಇರುತ್ತದೆ. ಕಲ್ಲುಗಳು ಸಡಿಲವಾಗಿರುತ್ತವೆ, ನಡುವೆ ಮಣ್ಣು ಕಡಿಮೆ, ಕೆಲವಕ್ಕೆ ಕುಂಟೆ ನೇಗಿಲು ತಗುಲಿದ ಗೀರು ಕಾಣುತ್ತದೆ. ಪ್ರಾಚೀನ ಗುಪ್ಪೆಯ ಲಕ್ಷಣ ಬೇರೆ. ಅಂಚಿನ ಗುಂಡುಗಳು ಒಳಗಿನ ಕಲ್ಲುಗಳಿಗಿಂತ ದೊಡ್ಡವಾಗಿದ್ದು, ಅರ್ಧದಷ್ಟು ನೆಲದಲ್ಲಿ ಹೂತು, ಒಂದು ವೃತ್ತವಾಗಿ ನಿಂತಿರುತ್ತವೆ. ವೃತ್ತದ ಅಡ್ಡಳತೆ ಸಾಮಾನ್ಯವಾಗಿ 5 ಮೀಟರಿನಿಂದ 15 ಮೀಟರಿನವರೆಗೆ ಇರಬಹುದು. ಒಳಗಿನ ಕಲ್ಲುಗಳ ಸಂದಿನಲ್ಲಿ ಮಣ್ಣು ಗಟ್ಟಿಯಾಗಿ ಕೂತು, ಗಾಳಿ ಮಳೆ ತಾಗುವ ಮೈಯಲ್ಲಿ ಕಲ್ಲುಹೂವು ಬೆಳೆದಿರುತ್ತದೆ. ಬಹಳಷ್ಟು ಗುಪ್ಪೆಗಳ ನಡುವೆ ತಗ್ಗು ಬಿದ್ದಿರುತ್ತದೆ. ಅದನ್ನು ನೋಡಿದ ತಕ್ಷಣ ನಿಧಿಗಳ್ಳರ ಕೆಲಸವೆಂದು ತಿಳಿಯಬೇಕಾಗಿಲ್ಲ, ಒಳಗಿನ ಕಲ್ಲುಕೋಣೆಯ ಮುಚ್ಚಳ ಕುಸಿದರೂ ಹಾಗೆಯೇ ಆಗುತ್ತದೆ. ಎಲ್ಲಕ್ಕಿಂತ ಬಲವಾದ ಸಾಕ್ಷಿಯನ್ನು ನೀವೇ ಬರೆದಿದ್ದೀರಿ: ಅದು ಒಂಟಿಯಲ್ಲ. ಈ ಸಮಾಧಿಗಳು ಗುಂಪಿನಲ್ಲಿಯೇ ಹೆಚ್ಚು. ನೀವು ಬರೆದ ವಿವರಗಳೆಲ್ಲ ಬೃಹತ್ ಶಿಲಾಯುಗದ ಸಮಾಧಿಯನ್ನೇ ಸೂಚಿಸುತ್ತವೆ. ದಕ್ಷಿಣ ಭಾರತದಲ್ಲಿ ಕಬ್ಬಿಣದ ಬಳಕೆಯ ಜೊತೆಗೆ ಹರಡಿದ ಈ ಪದ್ಧತಿ ಕ್ರಿ.ಪೂ. ಸುಮಾರು 1200ರಿಂದ ಕ್ರಿಸ್ತಶಕದ ಆರಂಭದವರೆಗೆ, ಅಂದರೆ ಒಂದು ಸಾವಿರಕ್ಕೂ ಹೆಚ್ಚು ವರ್ಷ ನಡೆಯಿತು.

ನಿಮ್ಮ ಸೀಮೆಗೂ ಈ ಸಮಾಧಿಗಳ ಅಧ್ಯಯನಕ್ಕೂ ಇರುವ ನಂಟು ಹಳೆಯದು, ಅದನ್ನು ಇಲ್ಲಿಯ ಜನ ಹೆಮ್ಮೆಯಿಂದ ನೆನೆಯಬೇಕು. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು 1841ರಲ್ಲಿ ಬಂದು 1853ರವರೆಗೆ ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್, ಈಗ ಹುಣಸಗಿ ತಾಲ್ಲೂಕಿಗೆ ಸೇರಿರುವ ರಾಜನಕೋಳೂರಿನ ಕಲ್ಲುಮನೆಗಳನ್ನೂ ಜೇವರ್ಗಿಯ ಕಲ್ಲುಗುಪ್ಪೆಗಳನ್ನೂ ಕಂಡು, ಕೆಲವನ್ನು ಅಗೆಸಿ, 1850ರ ದಶಕದಲ್ಲಿ ಬರೆದು ಪ್ರಕಟಿಸಿದನು. ಅವನು ಇವನ್ನು ಯುರೋಪಿನ ಪುರಾತನ ಸಮಾಧಿಗಳಿಗೆ ಹೋಲಿಸಿ, ಕಟ್ಟಿದವರು ಹೊರಗಿನಿಂದ ಬಂದವರೆಂದು ಊಹಿಸಿದ್ದನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಅಗೆದ ಗುಪ್ಪೆಯನ್ನು ನೆಟ್ಟಗೆ ಸೀಳಿದಂತೆ ಚಿತ್ರಿಸಿ, ಮೇಲಿನ ಕಲ್ಲು, ನಡುವಿನ ಮಣ್ಣು, ಕೆಳಗಿನ ಚಪ್ಪಡಿಕೋಣೆ, ಎಲುಬು ಇದ್ದ ಮಟ್ಟ ಎಲ್ಲವನ್ನೂ ಪದರಪದರವಾಗಿ ತೋರಿಸಿದ ಅವನ ರೇಖಾಚಿತ್ರಗಳನ್ನು ಒಂದು ಶತಮಾನದ ನಂತರ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವರು ಕಾಲಕ್ಕಿಂತ ಬಹಳ ಮುಂದಿದ್ದ ಕೆಲಸವೆಂದು ಮೆಚ್ಚಿದರು. ಮಣ್ಣಿನ ಪದರಗಳನ್ನು ಓದಬೇಕೆಂಬ ಶಿಸ್ತಿನ ಮೊದಲ ಉದಾಹರಣೆಗಳಲ್ಲಿ ಒಂದು ಭೀಮಾ ತೀರದ ಹೊಲದಲ್ಲಿ ಹುಟ್ಟಿತು.

ಜೇವರ್ಗಿಯ ಗುಪ್ಪೆಗಳಲ್ಲಿ ಟೇಲರನಿಗೆ ತಲೆಯಿಲ್ಲದ ಅಸ್ಥಿಪಂಜರಗಳೂ ಬೇರೆಡೆ ಇದ್ದ ತಲೆಬುರುಡೆಗಳೂ ಸಿಕ್ಕವು, ಇದು ನರಬಲಿಯೆಂದು ಅವನು ಬರೆದನು. ಈ ಮಾತು ಇಂದಿಗೂ ಹಳ್ಳಿಗಳಲ್ಲಿ ಭಯ ಹುಟ್ಟಿಸುವಂತೆ ಓಡಾಡುತ್ತದೆ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಆ ಕಾಲದ ಜನ ಸತ್ತವರನ್ನು ಸತ್ತ ದಿನವೇ ಸಮಾಧಿಯಲ್ಲಿ ಇಡುತ್ತಿದ್ದರೆಂದು ತಿಳಿಯುವಂತಿಲ್ಲ. ಅನೇಕ ಕಡೆ ದೇಹವನ್ನು ಮೊದಲು ಬೇರೊಂದು ಜಾಗದಲ್ಲಿ ಬಿಟ್ಟೋ ಹೂತೋ, ಮಾಂಸ ಕಳೆದ ಮೇಲೆ ಎಲುಬುಗಳನ್ನು ಆಯ್ದು ತಂದು, ತಲೆಬುರುಡೆ ಮತ್ತು ಉದ್ದ ಎಲುಬುಗಳನ್ನು ಮಾತ್ರ ಕಲ್ಲುಕೋಣೆಯಲ್ಲಿ ಜೋಡಿಸುತ್ತಿದ್ದರು. ಒಂದೇ ಕೋಣೆಯಲ್ಲಿ ಹಲವರ ಎಲುಬುಗಳಿರುವುದೂ, ಮೊದಲಿನವನ್ನು ಒತ್ತಟ್ಟಿಗೆ ಸರಿಸಿ ನಂತರದವನ್ನು ಇಟ್ಟಿರುವುದೂ ಸಾಮಾನ್ಯ. ಒಂದೂ ಎಲುಬಿಲ್ಲದೆ ಮಡಕೆಗಳಷ್ಟೇ ಇರುವ ಸಮಾಧಿಗಳೂ ಉಂಟು. ಈ ಪದ್ಧತಿಗಳನ್ನು ತಿಳಿದ ಮೇಲೆ, ತಲೆ ಒಂದೆಡೆ ಮುಂಡ ಒಂದೆಡೆ ಇದ್ದುದನ್ನು ನೋಡಿದ ಕೂಡಲೇ ಕೊಂದದ್ದರ ಗುರುತೆಂದು ಹೇಳಲು ಬರುವುದಿಲ್ಲ. ಅದು ಸತ್ತವರನ್ನು ಎರಡನೆಯ ಸಲ ಬೀಳ್ಕೊಟ್ಟದ್ದರ ಗುರುತೂ ಆಗಿರಬಹುದು. ಎಲುಬಿನ ಜೊತೆಗೆ ಸಿಗುವುದು ಒಳಗೆ ಕಪ್ಪು ಹೊರಗೆ ಕೆಂಪು ಬಣ್ಣದ ನಯವಾದ ಮಡಕೆಗಳು, ತುಕ್ಕು ಹಿಡಿದ ಕಬ್ಬಿಣದ ಕೊಡಲಿ, ಭರ್ಚಿ, ಬಾಣದ ಮೊನೆ, ಕೆಲವೊಮ್ಮೆ ಕೆಂಪು ಕಲ್ಲಿನ ಮಣಿಗಳು. ನಿಧಿಯ ಆಸೆಯಿಂದ ರಾತ್ರಿ ಗುಪ್ಪೆ ಅಗೆಯುವವರು ಈ ಸಾಲನ್ನು ಎರಡು ಸಲ ಓದಲಿ ಎಂದು ಬಯಸುತ್ತೇನೆ.

ಈಗ ಜಾಗದ ಮಾತು. ಮೊದಲು ಕಲ್ಲಿನಿಂದ ಆರಂಭಿಸಬೇಕು, ಏಕೆಂದರೆ ಯಾವ ಬಗೆಯ ಸಮಾಧಿ ಕಟ್ಟಲಾಗುತ್ತದೆ ಎಂಬುದನ್ನು ನಂಬಿಕೆ ಎಷ್ಟು ನಿರ್ಧರಿಸುತ್ತದೋ ನೆಲದಡಿಯ ಬಂಡೆಯೂ ಅಷ್ಟೇ ನಿರ್ಧರಿಸುತ್ತದೆ. ಬೀದರ್, ಕಲಬುರಗಿ, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಬಡಗಣದಿಂದ ತೆಂಕಣಕ್ಕೆ ಪಯಣಿಸಿದರೆ ನಾಲ್ಕು ಬಗೆಯ ನೆಲ ಸಿಗುತ್ತದೆ. ಬೀದರಿನ ಎತ್ತರದ ಬಯಲು ಕೆಂಪು ಜಂಬಿಟ್ಟಿಗೆಯದು. ಆಳಂದ, ಕಲಬುರಗಿಯ ಕಡೆ ಕರಿಕಲ್ಲು, ಅದರ ಮೇಲೆ ಕಪ್ಪು ಯರಿ ಮಣ್ಣು. ಚಿತ್ತಾಪುರ, ಸೇಡಂ, ಶಹಾಬಾದಿನ ಕಡೆ ಮನೆಗಳಿಗೆ ಹಾಸುವ ಪರ್ಸಿಕಲ್ಲನ್ನು ಕೊಡುವ ಸುಣ್ಣದಕಲ್ಲು. ಶಹಾಪುರ, ಸುರಪುರಕ್ಕೆ ಬಂದರೆ ಗುಂಡುಗುಂಡಾದ ಗ್ರಾನೈಟ್ ಬೆಟ್ಟಗಳು. ಕರಿಕಲ್ಲು ಸವೆದಾಗ ದುಂಡು ಗುಂಡುಗಳಾಗುತ್ತದೆಯೇ ಹೊರತು ಚಪ್ಪಡಿಯಾಗಿ ಏಳುವುದು ಅಪರೂಪ. ಅಂಥ ನೆಲದಲ್ಲಿ ಕಟ್ಟಲು ಒಗ್ಗುವುದು ಗುಂಡುಗಳ ವೃತ್ತ ಮತ್ತು ಗುಪ್ಪೆ. ಸುಣ್ಣದಕಲ್ಲು ಪದರವಾಗಿ ಏಳುತ್ತದೆ, ಗ್ರಾನೈಟ್ ಬಂಡೆಯ ಮೈ ಕೂಡ ಈರುಳ್ಳಿಯ ಸಿಪ್ಪೆಯಂತೆ ಹೊರಪದರಗಳಾಗಿ ಬಿಚ್ಚಿಕೊಳ್ಳುತ್ತದೆ. ಅಂಥ ಕಡೆ ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲುಮನೆ ಸಾಧ್ಯವಾಗುತ್ತದೆ, ಅದರ ಒಂದು ಗೋಡೆಗೆ ದುಂಡನೆಯ ಕಿಂಡಿ ಕೊರೆಯುವುದೂ ಸಾಧ್ಯವಾಗುತ್ತದೆ. ಉತ್ತರ ಕರ್ನಾಟಕದ ಕಲ್ಲುಕೋಣೆಗಳನ್ನು ಊರೂರು ಅಲೆದು ಅಳೆದು 1975ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದ ಅ. ಸುಂದರ ಅವರ ಕೆಲಸವನ್ನು ಓದಿದವರಿಗೆ, ಒಂದೊಂದು ಸೀಮೆಯ ಸಮಾಧಿಗೂ ಅದರದೇ ಆದ ಚಹರೆ ಇದೆಯೆಂಬುದು ಮನವರಿಕೆಯಾಗುತ್ತದೆ.

ಹಾಗೆಂದು ಕಲ್ಲು ಸಿಕ್ಕಲ್ಲೆಲ್ಲ ಸಮಾಧಿ ಕಟ್ಟಲಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಮಾತು "ಯರಿ ನೆಲ ಮುಗಿದು ಗರಸು ನೆಲ ಶುರುವಾಗುವ ದಿನ್ನೆ" ಎಂಬುದು. ದಖ್ಖನಿನಲ್ಲಿ ಗುಪ್ಪೆಗಳನ್ನು ಹುಡುಕುತ್ತ ನಡೆದವರೆಲ್ಲ ಮತ್ತೆ ಮತ್ತೆ ಬಂದು ನಿಲ್ಲುವುದು ಇಂಥ ಅಂಚಿನಲ್ಲಿಯೇ: ಬೆಟ್ಟದ ಬುಡ ಬಯಲಿಗೆ ಇಳಿಯುವಲ್ಲಿ, ಕೆಂಪು ಮಸಾರಿ ನೆಲ ಯರಿಗೆ ತಾಗುವಲ್ಲಿ, ಹಳ್ಳದ ನೆರೆ ಮುಟ್ಟದಷ್ಟು ಎತ್ತರದ ದಂಡೆಯಲ್ಲಿ. ಒಳ್ಳೆಯ ಮಣ್ಣನ್ನು ಬದುಕಿರುವವರಿಗೆ ಬಿಟ್ಟು, ತೆಳುಮಣ್ಣಿನ ದಿನ್ನೆಯನ್ನು ಸತ್ತವರಿಗೆ ಕೊಟ್ಟರೆಂದು ಸರಳವಾಗಿ ಹೇಳಿಬಿಡಬಹುದು, ಅದರಲ್ಲಿ ನಿಜವೂ ಇದೆ. ಆದರೆ ಅಂಚು ಎಂಬುದು ಕೇವಲ ಉಳಿಕೆ ಜಾಗವಲ್ಲ. ಉಳುವವನ ನೆಲವೂ ದನ ಕುರಿ ಮೇಯಿಸುವವನ ನೆಲವೂ ಕೂಡುವುದು ಅಲ್ಲಿ. ಮೇಯಲು ಹೋಗುವ ದಾರಿ, ನೀರಿಗೆ ಇಳಿಯುವ ದಾರಿ ಹಾಯುವುದೂ ಅಲ್ಲಿಯೇ. ನೀವು "ಏನೂ ಇಲ್ಲದ ಜಾಗ" ಎಂದದ್ದು ಇಂದಿನ ಊರಿನಿಂದ ನೋಡಿದಾಗ ಮಾತ್ರ ನಿಜ. ಹಳ್ಳ, ಮೇವು, ದಾರಿ ಮೂರನ್ನೂ ದಿನವೂ ಬಳಸುತ್ತಿದ್ದವರಿಗೆ ಅದು ಎಲ್ಲರೂ ಹಾಯ್ದುಹೋಗುವ ಜಾಗ. ಅಲ್ಲಿ ನಿಲ್ಲಿಸಿದ ಗುಪ್ಪೆ ಪ್ರತಿದಿನ ಕಣ್ಣಿಗೆ ಬೀಳುತ್ತಿತ್ತು, ಈ ನೀರು ಈ ಮೇವು ಯಾರ ಹಿರಿಯರದು ಎಂಬುದನ್ನು ಮಾತಿಲ್ಲದೆ ಹೇಳುತ್ತಿತ್ತು ಎಂದು ನಾನು ನಂಬುತ್ತೇನೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಉತ್ತರ ಪ್ರಾಮಾಣಿಕವಾಗುವುದಿಲ್ಲ. ಇಂದು ನಮಗೆ ಕಾಣುವುದು ಅಂದಿನವರು ಕಟ್ಟಿದ ಸಮಾಧಿಗಳಲ್ಲ, ನೇಗಿಲಿನಿಂದ ತಪ್ಪಿಸಿಕೊಂಡ ಸಮಾಧಿಗಳು. ಯರಿ ಹೊಲದ ನಡುವೆ ಇದ್ದವು ಎರಡು ಸಾವಿರ ವರ್ಷಗಳ ಬೇಸಾಯದಲ್ಲಿ ಕರಗಿಹೋಗಿರಬಹುದು, ಅವುಗಳ ಗುಂಡುಗಳು ಬದುವಿಗೂ ಬಾವಿಯ ಕಟ್ಟೆಗೂ ಹಳೆಯ ವಾಡೆಗಳ ತಳಪಾಯಕ್ಕೂ ಸೇರಿರಬಹುದು. ಆದ್ದರಿಂದ ಗುಪ್ಪೆಗಳು ಅಂಚಿನಲ್ಲಿಯೇ ಇವೆ ಎಂಬ ನಮ್ಮ ಕಾಣ್ಕೆಯಲ್ಲಿ ಎಷ್ಟು ಪಾಲು ಅಂದಿನವರ ಆಯ್ಕೆ, ಎಷ್ಟು ಪಾಲು ಆಮೇಲಿನ ಬೇಸಾಯದ ಫಲ ಎಂಬುದನ್ನು ಪ್ರತಿಯೊಂದು ಹಳ್ಳಿಯಲ್ಲಿಯೂ ಬೇರೆಬೇರೆಯಾಗಿಯೇ ತೂಗಿ ನೋಡಬೇಕು. ಈ ತೂಕ ನಮ್ಮ ಕಾಲದಲ್ಲಿ ಬಹಳ ವೇಗವಾಗಿ ಕಷ್ಟವಾಗುತ್ತಿದೆ. ನಾರಾಯಣಪುರ ಎಡದಂಡೆ ಕಾಲುವೆಯಿಂದ ಹುಣಸಗಿ, ಸುರಪುರ, ಶಹಾಪುರದ ಬಡ ಹೊಲಗಳಿಗೆ ನೀರು ಬಂದದ್ದು ದೊಡ್ಡ ಉಪಕಾರ, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಭತ್ತಕ್ಕೆ ಮಟ್ಟಸ ನೆಲ ಬೇಕು, ಮಟ್ಟಸ ಮಾಡುವಾಗ ಮೊದಲು ಹೋಗುವುದು ಇಂಥ ದಿನ್ನೆ. ಎತ್ತಿನ ನೇಗಿಲು ಸುತ್ತಿ ಹೋಗುತ್ತಿದ್ದ ಗುಪ್ಪೆಯನ್ನು ಯಂತ್ರ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತದೆ. ವಿದ್ಯಾರ್ಥಿಗಳೊಂದಿಗೆ ಒಂದು ಬೇಸಿಗೆ ಹದಿನಾಲ್ಕು ವೃತ್ತಗಳನ್ನು ನಕ್ಷೆಯಲ್ಲಿ ಗುರುತಿಸಿಕೊಂಡು ಬಂದು, ಎರಡು ವರ್ಷದ ನಂತರ ಅದೇ ಊರಿಗೆ ಹೋದಾಗ ಮೂರನ್ನು ಮಾತ್ರ ಕಂಡಿದ್ದೇನೆ. ಹೊಲದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವು ಏನೆಂದು ಅವರಿಗೆ ಮೊದಲೇ ಹೇಳದೆ ಬಂದದ್ದು ನಮ್ಮ ತಪ್ಪಾಗಿತ್ತು.

ಹಾಗಾದರೆ ಕಟ್ಟಿದವರು ಎಲ್ಲಿ ವಾಸವಾಗಿದ್ದರು? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ವೀಲರ್ 1947ರಲ್ಲಿ ಅಗೆದಾಗ, ಬೆಟ್ಟದ ಬುಡದಲ್ಲಿ ವಸತಿಯೂ ಅದರ ಹತ್ತಿರದಲ್ಲಿಯೇ ಸಮಾಧಿಗಳೂ ಇದ್ದುದು ಸ್ಪಷ್ಟವಾಯಿತು. ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿಯೂ ವಸತಿ ಸಮಾಧಿ ಎರಡೂ ಇವೆ. ಆದರೆ ಸಮಾಧಿ ಕಂಡಷ್ಟು ಸುಲಭವಾಗಿ ವಸತಿ ಕಾಣುವುದಿಲ್ಲ. ಮಣ್ಣು, ಕಟ್ಟಿಗೆ, ಹುಲ್ಲಿನ ಮನೆಗಳು ಕರಗಿಹೋದವು; ಅನೇಕ ಕಡೆ ಹಳೆಯ ವಸತಿಯ ಮೇಲೆಯೇ ಇಂದಿನ ಊರು ಕೂತಿದೆ. ಬದುಕಿದವರಿಗೆ ಮಣ್ಣಿನ ಮನೆ, ಸತ್ತವರಿಗೆ ಕಲ್ಲಿನ ಮನೆ ಎಂಬ ಈ ಲೆಕ್ಕವೇ ಆಲೋಚನೆಗೆ ಹಚ್ಚುತ್ತದೆ. ಅದೂ ಎಲ್ಲ ಸತ್ತವರಿಗಲ್ಲ. ಸಾವಿರ ವರ್ಷಗಳಲ್ಲಿ ಒಂದು ಹಳ್ಳಿಯಲ್ಲಿ ಸತ್ತವರ ಸಂಖ್ಯೆಯ ಪಕ್ಕದಲ್ಲಿ ಅಲ್ಲಿ ಉಳಿದಿರುವ ಗುಪ್ಪೆಗಳ ಸಂಖ್ಯೆಯನ್ನು ಇಟ್ಟು ನೋಡಿದರೆ, ಅಳಿದುಹೋದವನ್ನು ಎಷ್ಟೇ ಉದಾರವಾಗಿ ಸೇರಿಸಿದರೂ, ಕಲ್ಲಿನ ಗೌರವ ದೊರೆತದ್ದು ಕೆಲವರಿಗೆ ಮಾತ್ರ ಎಂಬುದು ತಿಳಿಯುತ್ತದೆ. ಗುಂಡುಗಳನ್ನು ಉರುಳಿಸಿ ತರಲು, ಚಪ್ಪಡಿ ಎಬ್ಬಿಸಲು, ಬಂದವರಿಗೆ ಉಣ್ಣಿಸಲು ಹಲವು ಮನೆಗಳ ಕೈ ಕೂಡಬೇಕು. ಅಷ್ಟು ಜನರನ್ನು ಕೂಡಿಸುವ ಶಕ್ತಿ ಇದ್ದ ಮನೆತನಗಳ ಗುರುತು ಇದು.

ಇದಕ್ಕೂ ಹಿಂದಿನ ಕಾಲವನ್ನು ಪಕ್ಕಕ್ಕಿಟ್ಟರೆ ಬದಲಾವಣೆಯ ಆಳ ಗೊತ್ತಾಗುತ್ತದೆ. ಸುರಪುರದ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ವರ್ಷಗಟ್ಟಲೆ ಅಗೆದು ಅಧ್ಯಯನ ಮಾಡಿದ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳದು. ದೊಡ್ಡಿಯ ಸಗಣಿಯನ್ನು ಕೂಡಿಹಾಕಿ ಸುಟ್ಟು ಸುಟ್ಟು ಎದ್ದ ದಿಬ್ಬ ಅದು. ಆ ಕಾಲದಲ್ಲಿ ದಕ್ಷಿಣದ ಜನ ತಮ್ಮವರನ್ನು ಬಹುಮಟ್ಟಿಗೆ ವಸತಿಯ ಒಳಗೇ, ಎಷ್ಟೋ ಸಲ ಮನೆಯ ನೆಲದಡಿಯಲ್ಲಿಯೇ ಹೂಳುತ್ತಿದ್ದರು. ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ಸತ್ತವರು ಮನೆಯವರ ಕಾಲಡಿಯಲ್ಲಿಯೇ ಇದ್ದರು, ಹೊರಗಿನವರಿಗೆ ಕಾಣುತ್ತಿರಲಿಲ್ಲ. ಕಬ್ಬಿಣದ ಕಾಲದವರು ಅವರನ್ನು ಹೊರಗೆ ಒಯ್ದು ದಿನ್ನೆಯ ಮೇಲೆ ನಿಲ್ಲಿಸಿದರು. ಅಂದಿನಿಂದ ಸೀಮೆಯೇ ಹಿರಿಯರ ಹೆಸರುಗಳನ್ನು ಹೊತ್ತುಕೊಂಡಿತು. ನಿಮ್ಮ ಹೊಲದ ಗುಪ್ಪೆಯ ಮಹತ್ವ ನನಗೆ ಕಾಣುವುದು ಇಲ್ಲಿ.

ನಿಮ್ಮ ತಾಲ್ಲೂಕಿನ ವಿಭೂತಿಹಳ್ಳಿಗೆ ಒಮ್ಮೆ ಹೋಗಿ ಬನ್ನಿ. ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿರುವ ಆ ಬಯಲಿನಲ್ಲಿ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ, ನೇರವಾಗಿಯೂ ಓರೆಯಾಗಿಯೂ ಗೆರೆ ಕೂಡುವಂತೆ ನಿಲ್ಲಿಸಿದ್ದಾರೆ. ಟೇಲರ್ ಅದನ್ನು ಕಂಡು ಬರೆದಿದ್ದನು. ಆಲ್ಚಿನ್ ಎಂಬ ವಿದ್ವಾಂಸರು 1956ರಲ್ಲಿ ಈ ಭಾಗದ ಇಂಥ ಸಾಲುಗಳನ್ನು ಒಟ್ಟಿಗೆ ಪರಿಶೀಲಿಸಿದರು. ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಅವರು ಸೂರ್ಯನ ಉದಯಾಸ್ತಗಳ ದಿಕ್ಕಿಗೂ ಈ ಸಾಲುಗಳಿಗೂ ಸಂಬಂಧವಿರಬಹುದೆಂದು ವಾದಿಸಿದರು. ದಿಕ್ಕಿನ ವಾದವನ್ನು ನಾನು ಗೌರವದಿಂದ ಓದಿದ್ದೇನೆ, ಆದರೆ ನೂರಾರು ಕಲ್ಲುಗಳಿರುವ ಕಡೆ ಯಾವುದಾದರೂ ಎರಡು ಕಲ್ಲು ಸೂರ್ಯನಿಗೆ ನೇರವಾಗಿ ಬಂದೇ ಬರುತ್ತವೆ ಎಂಬುದನ್ನೂ ನೆನಪಿಡಬೇಕು. ನಿಮ್ಮ ಪ್ರಶ್ನೆಗೆ ಸಂಬಂಧಿಸಿದಂತೆ ವಿಭೂತಿಹಳ್ಳಿ ಕಲಿಸುವ ಪಾಠ ಬೇರೆಯದು: ಅಲ್ಲಿಯ ಒಂದು ಗುಂಡನ್ನು ಮಾತ್ರ ತಂದು ಸಂಗ್ರಹಾಲಯದ ಅಂಗಳದಲ್ಲಿಟ್ಟರೆ ಅದು ಬರೀ ಗುಂಡು. ಸಾಲಿನಲ್ಲಿ ಇರುವವರೆಗೆ ಮಾತ್ರ ಅದಕ್ಕೆ ಅರ್ಥ.

ನಿಮ್ಮ ಅಜ್ಜನವರು ಹೇಳುತ್ತಿದ್ದ ಹೆಸರಿನ ಬಗ್ಗೆ ಎರಡು ಮಾತು. ಮೋರೇರ ಮನೆ ಎಂಬ ಹೆಸರನ್ನು ಟೇಲರನೂ ಸುರಪುರದ ಜನರ ಬಾಯಿಂದ ಕೇಳಿ ದಾಖಲಿಸಿದ್ದಾನೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕಲ್ಲುಮನೆಗಳ ಬೆಟ್ಟಕ್ಕೂ ಮೋರ್ಯರ ಹೆಸರೇ ಇದೆ. ಮೋರ್ಯರು ಬಲು ಗಿಡ್ಡ ಜನ, ಆದರೆ ಬಂಡೆ ಎತ್ತುವಷ್ಟು ಬಲಶಾಲಿಗಳು ಎಂಬುದು ಕತೆ. ಸಣ್ಣ ಕಲ್ಲುಕೋಣೆಯೊಳಗೆ ಯಾರು ಇರಬಲ್ಲರು, ಅಷ್ಟು ದೊಡ್ಡ ಚಪ್ಪಡಿಯನ್ನು ಯಾರು ಎತ್ತಬಲ್ಲರು ಎಂಬ ಎರಡು ಪ್ರಶ್ನೆಗಳಿಗೆ ಜನ ಒಂದೇ ಕತೆಯಲ್ಲಿ ಕೊಟ್ಟ ಚಂದದ ಉತ್ತರ ಅದು. ಮಸ್ಕಿಯಲ್ಲಿ 1915ರಲ್ಲಿಯೂ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1989ರಲ್ಲಿಯೂ ಅಶೋಕನ ಶಾಸನಗಳು ದೊರೆತಿರುವುದರಿಂದ, ಮೋರ್ಯರೆಂದರೆ ಮೌರ್ಯ ಅರಸರೇ ಎಂದು ಹೇಳುವವರಿದ್ದಾರೆ. ಅಶೋಕನದು ಕ್ರಿ.ಪೂ. 3ನೆಯ ಶತಮಾನ. ಗುಪ್ಪೆ ಕಟ್ಟುವ ಪದ್ಧತಿ ಅದಕ್ಕಿಂತ ಎಷ್ಟೋ ಶತಮಾನ ಮೊದಲೇ ಆರಂಭವಾಗಿತ್ತು. ಹೆಸರಿನ ಹೋಲಿಕೆ ಒಂದರಿಂದಲೇ ಕಟ್ಟಿದವರನ್ನು ಗುರುತಿಸಲು ಬರುವುದಿಲ್ಲ. ಆದರೂ ಹೆಸರನ್ನು ಬರೆದಿಡಿ. ಯಾವ ಗುಪ್ಪೆಗೆ ಯಾವ ಹೆಸರು ಎಂಬುದನ್ನು ಬಲ್ಲ ಹಿರಿಯರು ಇನ್ನು ಹೆಚ್ಚು ಜನ ಉಳಿದಿಲ್ಲ.

ಈಗ ಮಾಡಬೇಕಾದ ಕೆಲಸ. ವೃತ್ತದ ಹೊರ ಅಂಚಿನಿಂದ ನಾಲ್ಕೈದು ಮಾರು ನೆಲವನ್ನು ಉಳದೆ, ಸಮ ಮಾಡದೆ ಬಿಡಿ, ಏಕೆಂದರೆ ಕಾಣುವ ಕಲ್ಲಿನ ಹೊರಗೂ ಮಡಕೆ ಇಟ್ಟಿರುವ ಸಾಧ್ಯತೆ ಇದೆ. ಉಳಿದ ಹೊಲವನ್ನು ಸಮ ಮಾಡಿಕೊಳ್ಳುವಾಗ ಗರಸನ್ನು ಆ ದಿನ್ನೆಯಿಂದ ತೆಗೆಯಬೇಡಿ. ಒಂದು ಕಲ್ಲನ್ನೂ ಕದಲಿಸದೆ, ಪಕ್ಕದಲ್ಲಿ ಅಳತೆಗೋಲು ಇಟ್ಟು ನಾಲ್ಕು ದಿಕ್ಕಿನಿಂದ ಚಿತ್ರ ತೆಗೆಯಿರಿ, ಮೊಬೈಲಿನ ನಕ್ಷೆಯಲ್ಲಿ ಜಾಗವನ್ನು ಗುರುತಿಸಿ, ಸರ್ವೆ ನಂಬರನ್ನು ಜೊತೆಗೆ ಬರೆಯಿರಿ. ಇವನ್ನು ರಾಜ್ಯದ ಪುರಾತತ್ವ ಇಲಾಖೆಗೂ ನಿಮ್ಮ ತಹಶೀಲ್ದಾರರಿಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಿಳಿಸಿದ ಕೂಡಲೇ ಹೊಲ ಕೈತಪ್ಪುತ್ತದೆಂಬ ಭಯ ಅನೇಕರಲ್ಲಿದೆ. ಸ್ಮಾರಕದಿಂದ 100 ಮೀಟರಿನವರೆಗೆ ಕಟ್ಟಡ ನಿಷೇಧ, ಅದರಾಚೆ 200 ಮೀಟರಿನವರೆಗೆ ಅನುಮತಿ ಬೇಕೆಂಬ ಕೇಂದ್ರದ ನಿಯಮ ಅನ್ವಯಿಸುವುದು ರಾಷ್ಟ್ರೀಯ ಮಹತ್ವದ ಸ್ಮಾರಕವೆಂದು ಅಧಿಕೃತವಾಗಿ ಘೋಷಿಸಿದ ಜಾಗಗಳಿಗೆ. ಘೋಷಣೆಗೆ ಮೊದಲು ಆಕ್ಷೇಪಣೆ ಸಲ್ಲಿಸಲು ಅವಕಾಶವೂ ಇರುತ್ತದೆ. ಮಾಹಿತಿ ಕೊಟ್ಟ ಮಾತ್ರಕ್ಕೆ ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ.

ಹಳ್ಳದ ಆಚೆಯ ಎರಡು ಗುಪ್ಪೆಗಳ ಬಗ್ಗೆ ನನಗೆ ಇನ್ನಷ್ಟು ತಿಳಿಯಬೇಕಾಗಿದೆ. ತೊಗರಿ ಕೊಯ್ಲಾದ ಮೇಲೆ ಹೊಲ ಬಯಲಾದಾಗ, ನಿಮ್ಮ ಗುಪ್ಪೆಯ ಅಂಚಿನಲ್ಲಿ ನಿಂತು ಅವೆರಡೂ ಕಾಣುತ್ತವೆಯೇ, ಅಲ್ಲಿ ನಿಂತರೆ ನಿಮ್ಮದು ಕಾಣುತ್ತದೆಯೇ ನೋಡಿ. ಹಳ್ಳವನ್ನು ಜನ ದನ ಹಿಂದಿನಿಂದ ಎಲ್ಲಿ ದಾಟುತ್ತಿದ್ದರೆಂದು ಹಿರಿಯರನ್ನು ಕೇಳಿ, ಆ ದಾಟಿನಿಂದ ಮೂರು ಗುಪ್ಪೆಗಳಿಗೂ ಇರುವ ದೂರವನ್ನು ಹೆಜ್ಜೆಯಲ್ಲಿ ಅಳೆದರೂ ಸಾಕು, ಬರೆದು ಕಳಿಸಿ.